ಒಂದೇ ಒಂದು ಲಗ್ನಪತ್ರಿಕೆ

ಚಳ್ಳಕೆರೆಯಲ್ಲಿ ಮೂವತ್ತು ವರ್ಷದಿಂದ ಪ್ರೆಸ್ ನಡೆಸುತ್ತಿದ್ದವನ ಬಳಿ ಇನ್ನೂರು ಲಗ್ನಪತ್ರಿಕೆ ಹೊಡೆಸಿದವರಿದ್ದರು, ಎರಡು ಸಾವಿರ ಹೊಡೆಸಿದವರೂ ಇದ್ದರು. ಒಂದೇ ಒಂದು ಪತ್ರಿಕೆ ಸಾಕು ಎಂದು ಬಂದು ನಿಂತ ಮೊದಲ ಗಿರಾಕಿ ಓಂಕಾರಮೂರ್ತಿ.

“ಒಂದೇನಾ? ಮದುವೆಗೆ ಬರೋರು ಒಬ್ರೇನಾ?” ಎಂದು ಪ್ರೆಸ್ಸಿನವನು ಕನ್ನಡಕ ಸರಿಸಿ ಕೇಳಿದ.

“ಒಬ್ರೂ ಬರಬಾರದು. ಅದಕ್ಕೇ ಒಂದು,” ಎಂದ ಓಂಕಾರಮೂರ್ತಿ.

ಪ್ರೆಸ್ಸಿನವನು ಆ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. ಹಣೆಯ ಮೇಲೆ ಮೂರೆಳೆ ವಿಭೂತಿ, ಕೈಯಲ್ಲಿ ಊಟದ ಡಬ್ಬಿ, ಕಣ್ಣಲ್ಲಿ ಕದ್ದು ಬೆಲ್ಲ ತಿಂದ ಕೂಸಿನ ಅಂಜಿಕೆ. ಇಂಥವನು ಕೆಟ್ಟ ಕೆಲಸ ಮಾಡಲಾರ ಎಂದುಕೊಂಡು, ಮೇಲೆ ಗಣಪತಿ, ಸುತ್ತ ಮಾವಿನ ತೋರಣ ಹಾಕಿ, ಚೆಂದದ ಒಂದು ಪತ್ರಿಕೆ ಮಾಡಿಕೊಟ್ಟ.

ಓಂಕಾರಮೂರ್ತಿ ನಿಜಕ್ಕೂ ಕೆಟ್ಟವನಲ್ಲ. ಜಯದೇವಪ್ಪನವರ ರೇಷ್ಮೆ ಸೀರೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತನಾಗಿದ್ದ. ಅಷ್ಟು ವರ್ಷದಲ್ಲಿ ‘ಈ ಬಣ್ಣ ನಿಮಗೆ ಒಪ್ಪುತ್ತೆ ಕಣ್ರಮ್ಮ’ ಎಂಬುದೊಂದನ್ನು ಬಿಟ್ಟರೆ ಬೇರೆ ಸುಳ್ಳು ಹೇಳಿದವನಲ್ಲ. ಅವನನ್ನು ಈ ದಾರಿಗೆ ಎಳೆದದ್ದು ಎರಡು ಗಿಳಿಗಳು.

ಮೊಳಕಾಲ್ಮೂರಿನ ಪಾಪಣ್ಣ ಆ ಅಂಗಡಿಗೆ ಮದುವೆ ಸೀರೆ ನೇಯ್ದುಕೊಡುವ ನೇಕಾರ. ಶಿವ ಅವನ ಕೈಗೆ ದೊಡ್ಡ ಕಲೆ ಕೊಟ್ಟಿದ್ದ, ಜೊತೆಗೊಂದು ಕ್ಯಾಲೆಂಡರ್ ಕೊಡುವುದನ್ನು ಮರೆತಿದ್ದ. ತಿಂಗಳು ಗಡುವು ಕೊಟ್ಟರೆ, ‘ಇನ್ನೂ ತಿಂಗಳೈತಲ್ಲ’ ಎನ್ನುತ್ತ ಪಾಪಣ್ಣ ಮೂರು ವಾರ ಕಳೆಯುವನು. ಕೊನೆಯ ವಾರ ಅವನ ಮಗ್ಗ ಬಸ್ಸು ತಪ್ಪಿಸಿಕೊಂಡವನ ಚಪ್ಪಲಿಯಂತೆ ಪಟಪಟ ಸದ್ದು ಮಾಡುವುದು. ಅವನ ಮಗ್ಗದಲ್ಲಿ ಸೆರಗು ಬರುವುದೂ ಕೊನೆಗೇ. ಹೋದ ವರ್ಷದ ಒಂದು ಸೀರೆಯ ಸೆರಗಿನಲ್ಲಿ ಹತ್ತು ಗಿಳಿಗಳಿದ್ದವು. ಮೊದಲ ಎಂಟು ಕೊಕ್ಕಿನಲ್ಲಿ ಎಲೆ ಕಚ್ಚಿಕೊಂಡು ಲಕ್ಷಣವಾಗಿ ಕೂತಿದ್ದವು. ಕೊನೆಯ ಎರಡಕ್ಕೆ ಕೊಕ್ಕೇ ಇರಲಿಲ್ಲ, ಎಲೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಮದುವೆಯ ಫೋಟೋದಲ್ಲಿ ಸರಿಯಾಗಿ ಅವೆರಡೇ ಬಿದ್ದವು.

“ಇನ್ನೊಂದ್ಸಲ ಹಿಂಗಾದ್ರೆ ನಿನ್ನನ್ನ ಮೊಳಕಾಲ್ಮೂರಿಗೇ ಅಟ್ತೀನಿ ನೋಡು,” ಎಂದು ಜಯದೇವಪ್ಪ ಗುಡುಗಿದ್ದರು. “ಮಗ್ಗದ ಪಕ್ಕ ಕೂತ್ಕೊಂಡು ಗಿಳಿಗೆ ಕೊಕ್ಕು ಅಂಟಿಸ್ತಿರು.”

ಈ ವರ್ಷ ಬಂದ ಗಿರಾಕಿ ಸಾಮಾನ್ಯರಲ್ಲ. ತಿಪ್ಪೇರುದ್ರಮ್ಮ ಊರಿನ ಎಣ್ಣೆ ಮಿಲ್ಲಿನ ಮನೆತನದ ಯಜಮಾನಿ. ರಾಹುಕಾಲದಲ್ಲಿ ಹೊಸಿಲು ದಾಟದವರು. ಅವರ ಎದುರು ಸೀನು ಬಂದರೆ ಜನ ಮೂಗು ಹಿಡಿದುಕೊಂಡು ಬೀದಿಯ ಕೊನೆಗೆ ಓಡುತ್ತಿದ್ದರು. ಮೊಮ್ಮಗಳು ಶಿಲ್ಪಾಳ ಲಗ್ನಪತ್ರಿಕೆಯನ್ನು ಅವರೇ ತಂದು ಅಂಗಡಿಯ ಮೇಜಿನ ಮೇಲಿಟ್ಟರು.

“ಇಪ್ಪತ್ನಾಲ್ಕಕ್ಕೆ ಧಾರೆ. ಸೀರೆನಾಗೆ ಒಂದೆಳೆ ಹೆಚ್ಚುಕಮ್ಮಿ ಆದ್ರೂ ನಮ್ಮ ಮನೆಯೋರು ಇನ್ಮೇಲೆ ಈ ಅಂಗಡಿ ಮೆಟ್ಲು ಹತ್ತಲ್ಲ.”

ಅವರು ಹೋದ ಮೇಲೆ ಜಯದೇವಪ್ಪ ಓಂಕಾರಮೂರ್ತಿಯ ಕಡೆ ತಿರುಗಿ, “ಅವ್ರು ಹತ್ತದಿದ್ರೆ ನೀನೂ ಹತ್ತಬೇಡ,” ಎಂದರು.

ಓಂಕಾರಮೂರ್ತಿ ಮೂರು ದಿನ ಯೋಚಿಸಿದ. ಪಾಪಣ್ಣನಿಗೆ ಅವಸರ ಹೇಗೂ ಬಂದೇ ಬರುತ್ತದೆ. ಅದನ್ನು ಹದಿನೈದು ದಿನ ಮುಂಚೆಯೇ ತರಿಸಿಬಿಟ್ಟರೆ? ಕೊಕ್ಕು ತಪ್ಪಿದರೆ ಬಿಚ್ಚಿ ಮತ್ತೆ ನೇಯಿಸಲು ಪುರುಸೊತ್ತಿರುತ್ತದೆ, ಸೀರೆ ಚೊಕ್ಕಟವಾಗುತ್ತದೆ. ಆದರೆ ಪಾಪಣ್ಣ ಬಾಯಿಮಾತಿನ ತಾರೀಖನ್ನು ನಂಬುತ್ತಿರಲಿಲ್ಲ. ಅಂಗಡಿಯವರು ಹೇಳುವ ‘ಅರ್ಜೆಂಟು’ಗಳನ್ನೆಲ್ಲ ಕೇಳಿ ಅವನ ಕಿವಿ ಜಡ್ಡುಗಟ್ಟಿತ್ತು. ಲಗ್ನಪತ್ರಿಕೆ ತೋರಿಸಬೇಕು. ಅದನ್ನು ಮಗ್ಗದ ಎದುರಿನ ದೇವರ ಗೂಡಿನಲ್ಲಿಟ್ಟು, ಅದರಲ್ಲಿರುವ ದಿನಕ್ಕೆ ಕೆಲಸ ಮುಗಿಸುತ್ತಿದ್ದ. “ಪತ್ರಿಕೆ ಸುಳ್ಳು ಹೇಳಲ್ಲ, ಅದ್ರಾಗೆ ದೇವ್ರು ಇರ್ತಾನೆ,” ಎಂಬುದು ಅವನ ನಂಬಿಕೆ.

ಹಾಗಾಗಿ ಆ ಒಂದೇ ಪತ್ರಿಕೆ. ಹೆಸರುಗಳೆಲ್ಲ ನಿಜದವು, ಕಲ್ಯಾಣ ಮಂಟಪವೂ ನಿಜದ್ದೇ. ತಾರೀಖು ಮಾತ್ರ ಇಪ್ಪತ್ನಾಲ್ಕರ ಬದಲು ಒಂಬತ್ತು. ‘ತಪ್ಪಾಯ್ತು ಶಿವನೇ, ಎಲ್ಲಾ ಗಿಳಿಗಳ ಸಲುವಾಗಿ’ ಎಂದು ಈಶ್ವರನ ಗುಡಿಗೆ ಹನ್ನೊಂದು ಸುತ್ತು ಬಂದು, ಓಂಕಾರಮೂರ್ತಿ ಮೊಳಕಾಲ್ಮೂರಿನ ಬಸ್ಸು ಹತ್ತಿದ್ದ.

ಎಡವಟ್ಟಾದದ್ದು ಅಲ್ಲಿ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಕೊಟ್ಟಾಗ, ಪತ್ರಿಕೆ ಕೊಡುವ ಬಾಯಿ ಹುಟ್ಟಿದಾಗಿನಿಂದ ಏನು ಹೇಳಿ ರೂಢಿಯೋ ಅದನ್ನು ತಾನಾಗಿಯೇ ಹೇಳಿಬಿಟ್ಟಿತು: “ಮನೆ ಮಂದಿಯೆಲ್ಲ ಬಂದು ಆಶೀರ್ವಾದ ಮಾಡ್ಬೇಕು. ತಪ್ಪಿಸಬಾರದು.”

ಪಾಪಣ್ಣನ ಕಣ್ಣು ತುಂಬಿ ಬಂತು. ಓಂಕಾರಮೂರ್ತಿ ಅದು ಮಗ್ಗದ ಗುಂಡಿಯ ಧೂಳಿಗೆ ಎಂದುಕೊಂಡ.

ಒಂಬತ್ತನೇ ತಾರೀಖು ಬೆಳಿಗ್ಗೆ ಎಂಟೂವರೆ. ಓಂಕಾರಮೂರ್ತಿ ಅಂಗಡಿಯ ಷಟರ್ ಅರ್ಧ ಎತ್ತಿದ್ದ, ಅಷ್ಟರಲ್ಲಿ ಹಿಂದೆ ಒಂದು ಟೆಂಪೋ ಬಂದು ನಿಂತಿತು. ಬಗ್ಗಿದವನು ಬಗ್ಗಿದಂತೆಯೇ ಹಿಂದೆ ನೋಡಿದ. ಟೆಂಪೋದಿಂದ ಮೊದಲು ಒಂದು ಹಿತ್ತಾಳೆ ಬಿಂದಿಗೆ ಇಳಿಯಿತು. ಆಮೇಲೆ ಹೊಸ ಪಂಚೆ, ಹೆಗಲ ಮೇಲೆ ಜರಿ ಶಲ್ಯದ ಪಾಪಣ್ಣ. ಆಮೇಲೆ ಅವನ ಹೆಂಡತಿ ಪಾಲಮ್ಮ, ಎದೆಗವಚಿ ಹಿಡಿದ ಒಂದು ಬಿಳಿ ಬಟ್ಟೆಯ ಗಂಟಿನೊಂದಿಗೆ. ಆಮೇಲೆ ಪಕ್ಕದ ಮಗ್ಗದ ಓಬಳೇಶ್. ಆಮೇಲೆ ಜನ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಹದಿನೇಳು ಜನ.

“ಓಂಕಾರಣ್ಣ,” ಪಾಪಣ್ಣ ನೆಂಟನ ದನಿಯಲ್ಲಿ ಕೂಗಿದ, “ಇದೇನು ಹಿಂಗೆ? ಕಲ್ಯಾಣ ಮಂಟಪಕ್ಕೆ ಹೋದ್ರೆ ಬೀಗ ಹಾಕೈತೆ! ಅಂಗಳದ ತುಂಬ ಯಾರೋ ಕಡ್ಲೇಕಾಯಿ ಒಣ ಹಾಕವ್ರೆ!”

“ಕಾವಲಿನೋನು ಒಂದು ಬೊಗಸೆ ಕೊಟ್ಟ,” ಎಂದ ಓಬಳೇಶ್. “ಚೆನ್ನಾಗಿದ್ವು. ಆದ್ರೆ ಟಿಫನ್ ಎಲ್ಲಿ?”

ಓಂಕಾರಮೂರ್ತಿಯ ನಾಲಿಗೆ ಗಂಟಲಿನೊಳಕ್ಕೆ ಹೋಗಿ ಕದ ಹಾಕಿಕೊಂಡಿತು. ಬಲವಂತವಾಗಿ ಅದನ್ನು ಹೊರಗೆಳೆದು, “ಅದು... ಮುಹೂರ್ತ ಸ್ವಲ್ಪ ಮುಂದಕ್ಕೆ ಹೋಯ್ತು. ಜಾಗಾನೂ ಬದ್ಲಾಯ್ತು,” ಎಂದ. ಆಮೇಲೆ ಕಣ್ಣು ಗಂಟಿನ ಮೇಲೆ ಬಿತ್ತು. “ಸೀರೆ ಆಯ್ತಾ?”

“ನಾಲ್ಕು ದಿನ ಆಯ್ತು ಮುಗಿದು.”

ನಾಲ್ಕು ದಿನ ಮುಂಚೆ! ಪಾಪಣ್ಣನ ಮಗ್ಗದ ಚರಿತ್ರೆಯಲ್ಲೇ ಇಂಥದ್ದು ನಡೆದಿರಲಿಲ್ಲ. ಓಂಕಾರಮೂರ್ತಿ ಆಸೆಯಿಂದ ಕೈ ಚಾಚಿದ. “ಕೊಡಿ, ಒಳಗಿಡ್ತೀನಿ.”

ಪಾಲಮ್ಮ ಗಂಟನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. “ಕೊಡಲ್ಲ. ನಲವತ್ತು ವರ್ಷದಿಂದ ಇವ್ರು ಮದುವೆ ಸೀರೆ ನೇಯ್ತಾರೆ. ಆ ಸೀರೆ ಉಟ್ಟ ಹುಡುಗೀನ ಒಂದು ದಿನಾನೂ ನೋಡಿಲ್ಲ. ಯಾರೂ ಕರೀಲಿಲ್ಲ. ನೀವು ಕರೆದ್ರಿ. ಇದನ್ನ ನನ್ನ ಕೈಯಾರೆ ಆ ಹುಡುಗಿ ಮಡಿಲಿಗೇ ಹಾಕ್ತೀನಿ.”

ಓಂಕಾರಮೂರ್ತಿಗೆ ಒಂದು ಕ್ಷಣ ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಅಷ್ಟರಲ್ಲಿ ಫೋನು ಬಾಯಿ ಬಿಟ್ಟಿತು. ಜಯದೇವಪ್ಪ.

“ಲೇ ಓಂಕಾರ, ನಾನೂ ತಿಪ್ಪೇರುದ್ರಮ್ಮಾರೂ ಒಂದು ಕಾರ್ಯಕ್ರಮಕ್ಕೆ ಬಂದೀವಿ. ಊಟ ಮುಗಿಸ್ಕೊಂಡು ಸೀದಾ ಅಂಗಡಿಗೆ ಬರ್ತೀವಿ. ಸೀರೆ ಎಲ್ಲಿಗೆ ಬಂತು ಅಂತ ಕೇಳ್ತಾವ್ರೆ. ಅಂಗಡಿನಾಗೆ ಜನ ಗಿನ ಇಲ್ದಂಗೆ ಅಚ್ಚುಕಟ್ಟಾಗಿ ಇಟ್ಟಿರು.”

ಹದಿನೇಳು ಜನ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ್ದರು. ಓಂಕಾರಮೂರ್ತಿಯ ಲೆಕ್ಕ ಸರಳವಾಗಿತ್ತು: ತಿಪ್ಪೇರುದ್ರಮ್ಮ ಬರುವುದರೊಳಗೆ ಇವರನ್ನು ಊರು ದಾಟಿಸಬೇಕು, ಆದರೆ ಸೀರೆ ಉಳಿಯಬೇಕು. ಮೊಮ್ಮಗಳ ಹೆಸರಲ್ಲಿ ಸುಳ್ಳು ಮುಹೂರ್ತ ಅಚ್ಚಾಗಿದೆ ಎಂದು ಆಕೆಗೆ ಗೊತ್ತಾದರೆ ಅಪಶಕುನವೆಂದು ಊರು ಒಂದು ಮಾಡಿಬಿಡುತ್ತಾರೆ. ಅಂಗಡಿಗೆ ಆ ಮನೆ ತಪ್ಪುತ್ತದೆ, ತನಗೆ ಅಂಗಡಿ ತಪ್ಪುತ್ತದೆ.

ಮೊದಲಿಗೆ ಎಲ್ಲರನ್ನೂ ಎದುರಿನ ಹೋಟೆಲ್ಲಿಗೆ ನುಗ್ಗಿಸಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದ. ಓಬಳೇಶ್ ಮೂರನೇ ತಟ್ಟೆಯಲ್ಲಿದ್ದಾಗ, “ಮದುವೆಮನೆ ಟಿಫನ್ನು ಹೋಟೆಲ್ನಾಗೆ ಕೊಡೋದು ನಿಮ್ಮ ಕಡೆ ಪದ್ಧತಿನಾ?” ಎಂದು ಕೇಳಿದ.

“ಈಗಿನ ಕಾಲದ್ದು,” ಎಂದ ಓಂಕಾರಮೂರ್ತಿ.

ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ ಮಾರುತಿಗೆ ಬಟ್ಟೆಗಿಂತ ಬೇರೆಯವರ ವಿಷಯವನ್ನು ಹೊಲಿಯುವುದರಲ್ಲಿ ಆಸಕ್ತಿ ಹೆಚ್ಚು. ಇದನ್ನೆಲ್ಲ ಕತ್ತರಿ ಕೆಳಗಿಟ್ಟು ನೋಡುತ್ತಿದ್ದ ಅವನು ಹೋಟೆಲ್ ಬಾಗಿಲಿಗೇ ಬಂದ.

“ಏನ್ ಓಂಕಾರಣ್ಣ, ಯಾರ ದಿಬ್ಬಣ ಇದು?”

“ಮಾರುತಿ, ನಿನ್ನ ದಮ್ಮಯ್ಯ, ಕೂಗಬೇಡ. ಇವ್ರಿಗೆ ಒಂದು ಮದುವೆ ಬೇಕು. ಅರ್ಧ ಗಂಟೆಗಾದ್ರೂ ಸಾಕು. ಊಟ ಹಾಕ್ಸಿ ಕಳಿಸ್ಬೇಕು.”

ಮಾರುತಿ ಏನೂ ಆಶ್ಚರ್ಯಪಡಲಿಲ್ಲ. ಊರಿನ ಯಾವ ಸಮಾರಂಭವೂ ಅವನ ರವಿಕೆಯಿಲ್ಲದೆ ನಡೆಯುತ್ತಿರಲಿಲ್ಲ. “ಇವತ್ತು ಒಂದೇ ಐತೆ. ಈಶ್ವರನ ಗುಡಿ ಹಿಂದಿನ ಸಮುದಾಯ ಭವನ. ಹೂವಿನ ಮಂಟಪ, ತಾಳಿ, ವಾಲಗ, ಹೋಳಿಗೆ ಊಟ, ಎಲ್ಲಾ ಐತೆ. ಹೆಣ್ಣಿನ ರವಿಕೆ ನಾನೇ ಹೊಲ್ದಿದ್ದು. ನಡೀರಿ, ನಾನೇ ದಾರಿ ತೋರಿಸ್ತೀನಿ.”

“ಯಾರ ಮದುವೆ?” ಎಂದು ಕೇಳುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಓಂಕಾರಮೂರ್ತಿಗೆ ಉಳಿದಿರಲಿಲ್ಲ.

ಟೆಂಪೋ ಭವನದ ಮುಂದೆ ನಿಂತಿತು. ವಾಲಗ ಮೊಳಗುತ್ತಿತ್ತು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು, ಕಲ್ಲುಸಕ್ಕರೆ ಕೊಟ್ಟರು. ಪಾಪಣ್ಣನ ಮುಖ ಹುಣ್ಣಿಮೆಯಾಯಿತು. ಹದಿನೇಳು ಜನ ನಾಲ್ಕು ಸಾಲು ಹಿಡಿದು ಕೂತರು. ಆಮೇಲೆ ಎಲ್ಲರೂ ವೇದಿಕೆಯ ಕಡೆ ನೋಡಿದರು.

ವೇದಿಕೆಯ ಮೇಲೆ ಪೇಟ, ಬಾಸಿಂಗ, ಕತ್ತಿಗೆ ಸೇವಂತಿಗೆ ಹಾರ ಹಾಕಿಕೊಂಡು ಕೂತಿದ್ದವರು ನಿವೃತ್ತ ಚಂದ್ರಶೇಖರಪ್ಪ ಮೇಷ್ಟ್ರು. ಅವತ್ತು ಅವರಿಗೆ ಅರವತ್ತು ತುಂಬಿತ್ತು. ಮಕ್ಕಳೆಲ್ಲ ಸೇರಿ ಷಷ್ಟ್ಯಬ್ದಿ ಮಾಡಿ, ಹೆತ್ತವರಿಗೆ ಮತ್ತೊಮ್ಮೆ ಮದುವೆ ಮಾಡಿಸುತ್ತಿದ್ದರು.

“ಪಾಪಣ್ಣ, ವರ ಯಾರು?” ಓಬಳೇಶ್ ಪಿಸುಗುಟ್ಟಿದ.

“ಬಾಸಿಂಗ ಕಟ್ಟಿರೋನು.”

“ಅವ್ನು ವರನ ತಾತ ಇರ್ಬೇಕು.”

“ತಾತಂಗ್ಯಾಕೆ ಬಾಸಿಂಗ?”

ಪಾಲಮ್ಮ ಎದೆ ಮುಟ್ಟಿಕೊಂಡಳು. “ಅಯ್ಯೋ ದೇವುಡಾ! ಪೆಳ್ಳಿಕೊಡುಕು ಈಯನಾ? ಈ ಮುದುಕನಾ ಮದುಮಗ? ಆ ಹುಡುಗಿ ಬಾಳು ಏನಾಗ್ಬೇಕು!” ಅವಳ ಗಾಬರಿಗೆ ಹಿಂದಿನ ಸಾಲಿನ ಹೆಂಗಸರೂ ಎದೆ ಮುಟ್ಟಿಕೊಂಡರು. ಇಬ್ಬರು ಅಳಲು ಸೆರಗು ಸಿದ್ಧಮಾಡಿಕೊಂಡರು. ಅಷ್ಟರಲ್ಲಿ ಒಳಗಿನಿಂದ ವಧುವನ್ನು ಕರೆತಂದರು. ಮೇಷ್ಟ್ರ ಹೆಂಡತಿ ಮಂಗಳಗೌರಮ್ಮ, ಮಂಡಿ ಹಿಡಿದುಕೊಂಡು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು, ನಿಧಾನಕ್ಕೆ ಬಂದು ಕೂತರು.

“ಸದ್ಯ!” ಪಾಲಮ್ಮ ನಿಟ್ಟುಸಿರು ಬಿಟ್ಟಳು. “ಹುಡುಗೀನೂ ಅದೇ ವಯಸ್ಸಿಂದು.”

ಪಾಪಣ್ಣ ಮಾತ್ರ ಸಮಾಧಾನವಿಲ್ಲದೆ ಓಂಕಾರಮೂರ್ತಿಯ ಕಡೆ ಬಾಗಿದ. “ಅಣ್ಣ, ಪತ್ರಿಕೆನಾಗೆ ಚಿರಂಜೀವಿ ಶಿಲ್ಪಾ ಅಂತ ಹಾಕ್ಸಿದ್ರಲ್ಲ?”

“ದೇವರ ದಯೆ ಇದ್ರೆ ಎಷ್ಟು ವಯಸ್ಸಾದ್ರೂ ಚಿರಂಜೀವೀನೇ ಪಾಪಣ್ಣ,” ಎಂದ ಓಂಕಾರಮೂರ್ತಿ. “ಬನ್ನಿ, ಊಟಕ್ಕೆ ಎಲೆ ಹಾಕವ್ರೆ. ಬಿಸಿ ಹೋಳಿಗೆ.”

ಹೋಳಿಗೆ ಎಂಬ ಮಾತಿಗೆ ಓಬಳೇಶ್ ಎದ್ದ. ಆದರೆ ಪಾಲಮ್ಮ ಏಳಲಿಲ್ಲ. ವೇದಿಕೆಯ ಮೇಲೆ ಮುತ್ತೈದೆಯರು ಸಾಲಾಗಿ ನಿಂತು ಮಂಗಳಗೌರಮ್ಮನ ಮಡಿಲು ತುಂಬುತ್ತಿದ್ದರು. ಓಂಕಾರಮೂರ್ತಿ ಪಾಪಣ್ಣನ ತೋಳು ಹಿಡಿದು ಊಟದ ಮನೆ ತೋರಿಸಿ ತಿರುಗುವಷ್ಟರಲ್ಲಿ ಪಾಲಮ್ಮ ಸಾಲಿನಲ್ಲಿ ನಿಂತಿದ್ದಳು, ಗಂಟು ಬಿಚ್ಚಿದ್ದಳು. ಅರಿಶಿನ ಬಣ್ಣದ ಒಡಲು, ಕುಂಕುಮದ ಅಂಚು, ಒಂದು ತಿಂಗಳಿನ ಪಾಪಣ್ಣನ ತಪಸ್ಸು ಅರವತ್ತರ ಮದುಮಗಳ ಮಡಿಲಿಗೆ ಇಳಿಯಲು ಒಂದೇ ಗೇಣು ಬಾಕಿ.

“ತಡೀರಿ!” ಓಂಕಾರಮೂರ್ತಿ ಕುರ್ಚಿಗಳನ್ನು ಹಾರಿದ. ವಾಲಗದವನನ್ನು ದಾಟಿದ. ವೇದಿಕೆ ಹತ್ತಿದವನೇ ಸೀರೆಯ ಒಂದು ತುದಿ ಹಿಡಿದುಕೊಂಡ. ಇನ್ನೊಂದು ತುದಿ ಪಾಲಮ್ಮನ ಕೈಯಲ್ಲಿತ್ತು. ಮಂಗಳಗೌರಮ್ಮ ಒಡ್ಡಿದ ಸೆರಗನ್ನು ಹಾಗೇ ಹಿಡಿದುಕೊಂಡು ಇಬ್ಬರನ್ನೂ ನೋಡಿದರು.

“ಯಾರಪ್ಪ ನೀವು?” ಎಂದರು ಮೇಷ್ಟ್ರು.

“ಹೆಣ್ಣಿನ ಕಡೆಯೋರು ಸ್ವಾಮಿ,” ಎಂದಳು ಪಾಲಮ್ಮ. “ಸೀರೆ ತಂದೀವಿ. ಹದಿನೇಳು ಜನ ಬಂದೀವಿ.”

ಮೇಷ್ಟ್ರ ಕಣ್ಣು ಅರಳಿದವು. “ಲೇ ಗೌರಿ! ಮೂವತ್ತೈದ್ ವರ್ಷದಿಂದ ನಿಮ್ಮ ತವರಿನೋರು ಒಂದು ರವಿಕೆ ಬಟ್ಟೆ ತಂದೋರಲ್ಲ. ಇವತ್ತು ಹದಿನೇಳು ಜನ ಬಂದವ್ರೆ, ರೇಷ್ಮೆ ಸೀರೆ ಹಿಡ್ಕೊಂಡು!”

ಮಂಗಳಗೌರಮ್ಮ ಪಾಲಮ್ಮನನ್ನು ದಿಟ್ಟಿಸಿದರು, ಸೀರೆಯನ್ನು ದಿಟ್ಟಿಸಿದರು, ಮತ್ತೆ ಪಾಲಮ್ಮನನ್ನು ನೋಡಿದರು. “ಗುರ್ತು ಸಿಗ್ತಿಲ್ಲ ಕಣವ್ವ,” ಎಂದರು. “ಆದ್ರೂ ನಮ್ಮ ಬಿ.ಜಿ. ಕೆರೆ ಚಿಕ್ಕಮ್ಮನ ಮುಖ ಹಂಗೇ ಬಂದೈತೆ.” ಸೆರಗನ್ನು ಇನ್ನೂ ಅಗಲಿಸಿದರು.

“ಇಲ್ಲ ಅಮ್ಮಾರೆ, ಇದು ನಿಮ್ದಲ್ಲ!” ಓಂಕಾರಮೂರ್ತಿ ಎಳೆದ.

“ಮದುಮಗಳಿಗೆ ಇಲ್ಲ ಅಂತೀರಾ! ಪಾಪ ಬರ್ತೈತೆ!” ಪಾಲಮ್ಮ ಎಳೆದಳು.

“ಓಂಕಾರ!”

ಆ ದನಿ ಮೊದಲ ಸಾಲಿನಿಂದ ಬಂತು. ವಾಲಗ ನಿಂತಿತು. ಮೊದಲ ಸಾಲಿನಲ್ಲಿ ತಿಪ್ಪೇರುದ್ರಮ್ಮ ಎದ್ದು ನಿಂತಿದ್ದರು. ಪಕ್ಕದಲ್ಲಿ ಜಯದೇವಪ್ಪ ಕೂತಲ್ಲೇ ಹೆಪ್ಪುಗಟ್ಟಿದ್ದರು.

‘ತಿಪ್ಪೇರುದ್ರಮ್ಮಾರು’ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ಅಷ್ಟರಲ್ಲಿ ಪಾಪಣ್ಣನೂ ವೇದಿಕೆಗೆ ಬಂದಿದ್ದ. ಅಂಗಿಯ ಜೇಬಿನಿಂದ ಪತ್ರಿಕೆ ತೆಗೆದ. “ತಿಪ್ಪೇರುದ್ರಮ್ಮಾರು ಅಂದ್ರೆ ನೀವೇನಾ ತಾಯಿ? ಕರೆಯೋರ ಹೆಸರು ನಿಮ್ದೇ ಐತೆ. ನಿಮ್ಮ ಮೊಮ್ಮಗಳ ಮದುವೆ ಇವತ್ತೇ ಅಲ್ವಾ? ಇಲ್ಲಿ ನೋಡಿದ್ರೆ ಈ ಅಮ್ಮನ್ನ ಕೂರ್ಸವ್ರೆ!”

ತಿಪ್ಪೇರುದ್ರಮ್ಮ ಪತ್ರಿಕೆ ಇಸಿದುಕೊಂಡರು. ದೂರ ಹಿಡಿದು ಓದಿದರು. ಹತ್ತಿರ ಹಿಡಿದು ಓದಿದರು. ಸಭೆಯಲ್ಲಿ ಸೂಜಿ ಬಿದ್ದಿದ್ದರೆ ಮಾರುತಿ ಎತ್ತಿಕೊಳ್ಳುತ್ತಿದ್ದ.

ಓಂಕಾರಮೂರ್ತಿ ಅಲ್ಲಿಯೇ ಮಂಡಿಯೂರಿದ. ಕೊಕ್ಕಿಲ್ಲದ ಗಿಳಿಯಿಂದ ಹಿಡಿದು ಹನ್ನೊಂದು ಪ್ರದಕ್ಷಿಣೆಯವರೆಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. “ಕೆಲಸ ಚೆನ್ನಾಗಿ ಆಗ್ಲಿ ಅಂತ ದಿನ ಹಿಂದಕ್ಕೆ ಹಾಕ್ಸಿದೆ ಅಮ್ಮಾರೆ. ನಿಮ್ಮ ಮನೆಗೆ ಕೇಡು ಬಯಸಿಲ್ಲ. ಗಿಳಿಗೆ ಕೊಕ್ಕು ಬರ್ಲಿ ಅಂತ ಅಷ್ಟೇ.”

ಪಾಪಣ್ಣನ ಮುಖ ಬಾಡಿತು. “ಪತ್ರಿಕೇನೇ ಸುಳ್ಳಾ ಅಣ್ಣ? ದಿನಾ ದೀಪ ಹಚ್ಚಿದೀನಿ ಅದಕ್ಕೆ. ಗಡುವಿನ ಹೆದರಿಕೆಗೆ ನೇಯ್ದೆ ಅಂದ್ಕೊಂಡ್ರಾ? ಕರೆದೋರ ಮನೆಗೆ ಹೋಗೋ ಸೀರೆ, ಉಟ್ಟಿದ್ನ ನಾಲ್ಕು ಜನ ನೋಡ್ತಾರೆ, ನಾನೂ ಅಲ್ಲೇ ಕೂತಿರ್ತೀನಿ, ತಲೆ ತಗ್ಗಿಸಬಾರ್ದು ಅಂತ ಮೊದಲ್ನೇ ದಿನದಿಂದ ಕೂತು ನೇಯ್ದೆ.”

ಅದನ್ನು ಕೇಳಿ ಓಂಕಾರಮೂರ್ತಿಯ ತಲೆಯೇ ತಗ್ಗಿತು.

ತಿಪ್ಪೇರುದ್ರಮ್ಮ ವೇದಿಕೆ ಹತ್ತಿ ಬಂದು ಸೀರೆಯನ್ನು ಕೈಗೆ ತೆಗೆದುಕೊಂಡರು. ಅಂಚನ್ನು ಬೆರಳಿನಿಂದ ಸವರುತ್ತ ಹೋದರು. ಸೆರಗು ಹರಡಿದರು. ಹತ್ತು ಗಿಳಿಗಳು. ಹತ್ತಕ್ಕೂ ಕೊಕ್ಕು, ಹತ್ತಕ್ಕೂ ಎಲೆ. ಅಷ್ಟೇ ಅಲ್ಲ, ಒಂದೊಂದರ ಕೊರಳಿಗೂ ಕೂದಲೆಳೆಯಷ್ಟು ತೆಳ್ಳನೆ ಕೆಂಪು ಉಂಗುರ. ಮೇಷ್ಟ್ರು ಬಾಸಿಂಗ ಸರಿಸಿ ಬಗ್ಗಿ ನೋಡಿ, “ಮಾತಾಡ್ಸಿದ್ರೆ ಮಾತಾಡ್ತಾವೆ,” ಎಂದರು.

“ಇಂಥ ಸೀರೆ ನಮ್ಮನೇಲಿ ಯಾರೂ ಉಟ್ಟಿಲ್ಲ,” ಎಂದರು ತಿಪ್ಪೇರುದ್ರಮ್ಮ. ಅಷ್ಟು ಹೇಳಿ, ಪಾಲಮ್ಮನ ಎದುರು ತಮ್ಮ ಸೆರಗನ್ನೇ ಒಡ್ಡಿದರು. “ನನ್ನ ಮಡಿಲಿಗೆ ಹಾಕವ್ವ. ಮೊಮ್ಮಗಳ ಮಡಿಲಿಗೆ ನಾನು ಹಾಕ್ತೀನಿ.”

ಸಭೆಯೆಲ್ಲ ಉಸಿರು ಬಿಟ್ಟಿತು. ಜಯದೇವಪ್ಪನವರಿಗೆ ಜೀವ ಬಂತು. “ಲೇ ಓಂಕಾರ, ನಾನು ಹೇಳ್ಕೊಟ್ಟಂಗೇ ಮಾಡಿದ್ಯಲ್ಲೋ!” ಎಂದು ಎಲ್ಲರಿಗೂ ಕೇಳುವಂತೆ ನಕ್ಕರು.

ಮಂಗಳಗೌರಮ್ಮ ಖಾಲಿ ಮಡಿಲು ನೋಡಿಕೊಂಡದ್ದನ್ನು ಕಂಡು ಪಾಲಮ್ಮ ಹಿತ್ತಾಳೆ ಬಿಂದಿಗೆಯನ್ನು ಅವರಿಗೇ ಕೊಟ್ಟಳು. “ಚಿಕ್ಕಮ್ಮನ ಕಡೆಯಿಂದ ಅಂತ ತಿಳ್ಕೊಳಿ.”

ಪಾಪಣ್ಣ ಮಾತ್ರ ಕದಲಲಿಲ್ಲ. “ಎಲ್ಲಾ ಸರಿ. ಮದುವೆ ಯಾವತ್ತು?”

ಓಂಕಾರಮೂರ್ತಿಗೆ ಭಕ್ತಿಯೂ ಪಶ್ಚಾತ್ತಾಪವೂ ಒಟ್ಟಿಗೇ ಉಕ್ಕಿ ಬಂದವು. ಹಣೆಯ ವಿಭೂತಿ ಮುಟ್ಟಿಕೊಂಡು, ಗುಡಿಯ ಕಡೆ ತಿರುಗಿ, “ಇಪ್ಪತ್ನಾಲ್ಕಕ್ಕೆ ಪಾಪಣ್ಣ! ಈಶ್ವರನಾಣೆ. ನೀವೆಲ್ಲ ಬರಬೇಕು, ನಾನೇ ಬಾಗಿಲಲ್ಲಿ ನಿಂತಿರ್ತೀನಿ. ಅವತ್ತು ನಿಮಗೆ ಮದುವೆ ಊಟ ಹಾಕ್ಸದಿದ್ರೆ, ನಮ್ಮನೆ ಅಂಗಳದಾಗೆ ಎಲೆ ಹಾಕಿ, ಟೆಂಪೋ ಎಷ್ಟು ಜನಾನ ಹೊತ್ತು ತರ್ತೈತೋ ಅಷ್ಟೂ ಜನಕ್ಕೆ ನನ್ನ ಕೈಯಾರೆ ಬಡಿಸ್ತೀನಿ!” ಎಂದ.

ಪಕ್ಕದಲ್ಲಿ ತಿಪ್ಪೇರುದ್ರಮ್ಮ ಕೆಮ್ಮಿದರು. ಎರಡು ಸಲ ಕೆಮ್ಮಿದರು. ಆಣೆಯ ಭರದಲ್ಲಿದ್ದವನಿಗೆ ಅದು ಕೇಳಿಸಲಿಲ್ಲ.

ಹದಿನೇಳು ಜನ ಊಟ ಮಾಡಿದರು. ಓಬಳೇಶ್ ಹೆಣ್ಣಿನ ಕಡೆಯವನ ಗತ್ತಿನಲ್ಲಿ ಮೂರು ಸಲ ಹೋಳಿಗೆ ಹಾಕಿಸಿಕೊಂಡ, ತುಪ್ಪ ಕಮ್ಮಿಯಾಯಿತೆಂದು ದೂರಿದ. ಅವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಟೆಂಪೋದ ಕಡೆ ಹೊರಟಾಗ ಓಂಕಾರಮೂರ್ತಿಗೆ ಹೊಸದಾಗಿ ಹುಟ್ಟಿದಂತಾಗಿತ್ತು. ಕೈ ತೊಳೆದು ತಿರುಗಿದರೆ, ಕಂಬದ ಹಿಂದೆ ತಿಪ್ಪೇರುದ್ರಮ್ಮ ಬೆರಳು ಮಡಿಸಿ ಕರೆಯುತ್ತಿದ್ದರು.

“ಬುದ್ಧಿ ಇಲ್ವೇನೋ ನಿಂಗೆ? ಕೆಮ್ಮಿದ್ ಕೇಳ್ಸಲಿಲ್ವಾ?”

“ಯಾಕಮ್ಮಾರೆ?”

“ಮದುವೆ ಇಪ್ಪತ್ನಾಲ್ಕಕ್ಕಲ್ಲ.”

ಓಂಕಾರಮೂರ್ತಿ ಕಂಬ ಹಿಡಿದುಕೊಂಡ.

ಆಕೆ ಕೈಚೀಲ ತೆರೆದರು. ಒಳಗೆ ಇಸ್ಪೀಟೆಲೆಯಂತೆ ಒಂದು ಕಟ್ಟು ಲಗ್ನಪತ್ರಿಕೆ. “ನಿಮ್ಮ ಅಂಗಡಿಗೆ ಇಪ್ಪತ್ನಾಲ್ಕು. ಅಕ್ಕಸಾಲಿಗೆ ಹದಿನೆಂಟು. ಆ ದರ್ಜಿ ಮಾರುತಿಗೆ ಹನ್ನೆರಡು. ಮನೆಗೆ ಬಣ್ಣ ಬಳಿಯೋನಿಗೆ ಹೋದ ತಿಂಗಳೇ ಮದುವೆ ಆಗಿಹೋಗೈತೆ, ಇನ್ನೂ ಒಂದು ಗೋಡೆ ಮುಗಿಸಿಲ್ಲ! ನಿಜವಾದ ಧಾರೆ ಬರೋ ತಿಂಗಳು ಹದಿನೇಳಕ್ಕೆ. ನೆಂಟರಿಗಿನ್ನೂ ಹಂಚೇ ಇಲ್ಲ. ದಿನ ಹಿಂದಕ್ಕೆ ಹೇಳದಿದ್ರೆ ಈ ಊರಾಗೆ ಯಾವನು ಕೆಲಸ ನೆಟ್ಟಗೆ ಮಾಡ್ತಾನೆ?”

“ಅಮ್ಮಾರೆ,” ಓಂಕಾರಮೂರ್ತಿಯ ದನಿ ಬಾವಿಯೊಳಗಿಂದ ಬಂತು, “ಸುಳ್ಳು ಮುಹೂರ್ತ ಅಚ್ಚು ಹಾಕ್ಸಿದ್ರೆ ಅಪಶಕುನ ಅಲ್ವಾ?”

“ನೋಡು,” ಆಕೆ ಒಂದೊಂದೇ ಪತ್ರಿಕೆ ಬಿಡಿಸಿ ತೋರಿಸಿದರು. “ಇದ್ಯಾವುದ್ರಾಗೂ ದೇವ್ರ ಚಿತ್ರ ಹಾಕ್ಸಿಲ್ಲ. ಬಳ್ಳಿ, ಹೂವು ಅಷ್ಟೇ. ನಿನ್ನಂಗೆ ಗಣಪತೀನ ಸಾಕ್ಷಿಗೆ ಕೂರ್ಸೋ ದಡ್ಡತನ ನಾನು ಮಾಡ್ತೀನಾ?” ಚೀಲ ಮುಚ್ಚಿದರು. “ಅಕ್ಕಸಾಲಿ ಇನ್ನೂ ಡಾಬು ಕೊಟ್ಟಿಲ್ಲ. ಈ ಮಾತು ಹದಿನೇಳು ಬಾಯಿಗೆ ಬಿದ್ರೆ ನಾಳೆ ಊರೆಲ್ಲ ಗೊತ್ತಾಗ್ತೈತೆ, ಕೆಲಸದೋರೆಲ್ಲ ಕಾಲು ಚಾಚಿ ಮಲಗ್ತಾರೆ. ಅದಕ್ಕೇ ಬಾಯಿ ಬಿಟ್ಟೀಯ ಜೋಕೆ. ಬಿಟ್ರೆ ಸೀರೆ ಇವತ್ತೇ ವಾಪಸ್ಸು.”

ಹೊರಗೆ ಟೆಂಪೋ ಶುರುವಾದ ಸದ್ದು. ಓಂಕಾರಮೂರ್ತಿ ಬರಿಗಾಲಲ್ಲೇ ಓಡಿದ. ಕೈ ಅಡ್ಡ ಹಿಡಿದ. ಟೆಂಪೋ ಗಕ್ಕನೆ ನಿಂತಿತು. ಪಾಪಣ್ಣ ತಲೆ ಹೊರಗೆ ಹಾಕಿದ.

“ಏನಣ್ಣ? ಮತ್ತೆ ದಿನ ಬದ್ಲಾಯ್ತಾ?”

ಹದಿನೇಳು ಮುಖ ಒಟ್ಟಿಗೆ ತಿರುಗಿದವು. ಓಂಕಾರಮೂರ್ತಿ ಹಿಂದೆ ನೋಡಿದ. ಭವನದ ಮೆಟ್ಟಿಲ ಮೇಲೆ, ಹತ್ತು ಗಿಳಿಗಳ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, ತಿಪ್ಪೇರುದ್ರಮ್ಮ ನೆಟ್ಟ ಕಣ್ಣಿನಿಂದ ನೋಡುತ್ತ ನಿಂತಿದ್ದರು.

“ಇಲ್ಲ ಇಲ್ಲ,” ಎಂದ ಅವನು. “ಇಪ್ಪತ್ನಾಲ್ಕೇ.”

“ಹಂಗಾದ್ರೆ ಸರಿ. ಅವತ್ತು ಟೆಂಪೋ ಸಾಲಲ್ಲ, ಬಸ್ಸೇ ಮಾಡ್ಕೊಂಡು ಬರ್ತೀವಿ. ಬೀದಿಯೋರೆಲ್ಲ ಬರ್ತಾರೆ. ಕೊಂಡ್ಲಹಳ್ಳಿ ಬೀಗರಿಗೂ ಹೇಳ್ತೀನಿ.” ಪಾಪಣ್ಣ ಕತ್ತು ಇನ್ನಷ್ಟು ಚಾಚಿ, “ಮತ್ಯಾಕೆ ಓಡಿ ಬಂದ್ರಿ?” ಎಂದು ಕೇಳಿದ.

ಓಂಕಾರಮೂರ್ತಿ ಆಕಾಶ ನೋಡಿದ. ಅಲ್ಲಿಂದ ಏನೂ ಸಹಾಯ ಬರುವ ಲಕ್ಷಣ ಕಾಣಲಿಲ್ಲ.

“ಅವತ್ತು ಹೋಳಿಗೆ ಮಾಡಿಸ್ಲೋ ಪಾಯಸ ಮಾಡಿಸ್ಲೋ ಅಂತ ಕೇಳೋಣ ಅಂತ.”

ಟೆಂಪೋದೊಳಗೆ ಗುಸುಗುಸು ಚರ್ಚೆ ನಡೆಯಿತು. ಕನ್ನಡದಲ್ಲಿ ನಡೆಯಿತು, ತೆಲುಗಿನಲ್ಲಿ ನಡೆಯಿತು, ಒಂದು ಹಂತದಲ್ಲಿ ಜಗಳವೇ ಆಯಿತು. ಕಡೆಗೆ ಓಬಳೇಶ್ ತಲೆ ಹೊರಗೆ ಹಾಕಿ, “ನಮ್ಮ ನಮ್ಮಲ್ಲಿ ಯಾಕೆ ಮನಸ್ತಾಪ ಅಣ್ಣ, ಎರಡೂ ಇರ್ಲಿ,” ಎಂದ. ಟೆಂಪೋ ಹೊಗೆ ಬಿಟ್ಟು ಮೊಳಕಾಲ್ಮೂರಿನ ದಾರಿ ಹಿಡಿಯಿತು.